ಅಪ್ಪನ ಎದೆಗೆ ಒಂದು ಸಿಂಫನಿ

ನಾನು ಏಳನೇ ಇಯತ್ತೆಯಲ್ಲಿದ್ದ ವರ್ಷ, ಮೆಣಸಿನಕಾಯಿ ಸುಗ್ಗಿ ಮುಗಿಯುವ ತನಕ, ನಮ್ಮ ಮನೆಯಲ್ಲಿ ಯಾರೂ ಕೆಮ್ಮಲಿಲ್ಲ. ಬ್ಯಾಡಗಿಯಲ್ಲಿ ಇದು ಸಣ್ಣ ಮಾತಲ್ಲ. ಸುಗ್ಗಿಯ ದಿನಗಳಲ್ಲಿ ನಮ್ಮೂರಿಗೆ ಬರುವ ಬೀಗರು ಬಸ್ಸಿಳಿಯುವ ಮೊದಲೇ ಸೀನಲು ಶುರುಮಾಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರ ಗಂಟಲಿಗೂ ಆ ಘಾಟು ಪೂರ್ತಿ ಒಗ್ಗುವುದಿಲ್ಲ. ಗುಡಿಯಲ್ಲಿ ಮಂಗಳಾರತಿಯ ನಡುವೆ ಕೆಮ್ಮು, ಶಾಲೆಯಲ್ಲಿ ಪ್ರಾರ್ಥನೆಯ ನಡುವೆ ಕೆಮ್ಮು, ಗಂಡಿನವರ ಎದುರು ಚಹಾ ತಂದಿಡುವ ಹುಡುಗಿಗೂ ಕೆಮ್ಮು. ನಾವು ಮಾತ್ರ ಕೆಮ್ಮು ಬಂದರೆ ಸೆರಗನ್ನೋ ಲಂಗದ ಅಂಚನ್ನೋ ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡುತ್ತಿದ್ದೆವು. ಯಾಕೆಂದರೆ ಪಡಸಾಲೆಯ ಮಂಚದ ಮೇಲೆ ಅಪ್ಪ ಮಲಗಿದ್ದ. ಅಪ್ಪನ ಎದೆ ಕೆಟ್ಟಿತ್ತು. ಒಂದು ಸಪ್ಪಳವಾದರೆ ಅಪ್ಪ ಸತ್ತುಹೋಗುತ್ತಾನೆ ಎಂದು ಮನೆಮಂದಿಯೆಲ್ಲ ನಂಬಿದ್ದೆವು.

ಅಪ್ಪ ಮತ್ತು ಕಾಕಾ, ಅಂದರೆ ಅಪ್ಪನ ತಮ್ಮ, ಇಬ್ಬರೂ ಕೂಡಿ ಪೇಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಿದ್ದರು. ರೈತರು ತಂದ ಮೆಣಸಿನಕಾಯಿ ಚೀಲಗಳನ್ನು ಸಾಲಾಗಿ ಹಚ್ಚಿ, ಖರೀದಿಗೆ ಬಂದವರಿಗೆ ತೋರಿಸಿ, ಮಾರಿಸಿ ಕೊಡುವ ಕೆಲಸ. ಆ ವರ್ಷ ಸುಗ್ಗಿ ಆಗಷ್ಟೇ ಕಣ್ಣು ಬಿಟ್ಟಿತ್ತು. ಒಂದು ಸಂತೆಯ ಮುಂಜಾನೆ ಚೀಲಗಳ ಸಾಲಿನ ನಡುವೆ ನಿಂತಿದ್ದ ಅಪ್ಪ ನಿಂತಲ್ಲೇ ಕುಸಿದ. ಕಾಕಾ ಅವನನ್ನು ಮಾಲು ಹೇರುವ ಟೆಂಪೋದಲ್ಲೇ ಮಲಗಿಸಿಕೊಂಡು ಹಾವೇರಿಗೆ ಒಯ್ದ. ಅಲ್ಲಿಯ ಡಾಕ್ಟರು ಪುಣ್ಯಾತ್ಮರು, ಬದುಕಿಸಿ ಕಳಿಸಿದರು. ಕಳಿಸುವಾಗ ಅವರು ಹೇಳಿದ್ದು ಇಷ್ಟೇ: ವಿಶ್ರಾಂತಿ ಬೇಕು, ಉಪ್ಪು ಖಾರ ಎಣ್ಣೆ ಕಡಿಮೆ ಮಾಡಬೇಕು, ಮನೆಯಲ್ಲಿ ಗದ್ದಲ ಬೇಡ. ಈ ಮಾತು ಹಾವೇರಿಯಿಂದ ಬ್ಯಾಡಗಿಗೆ ಬರುವಷ್ಟರಲ್ಲಿ ಅದಕ್ಕೆ ಕೊಂಬೂ ಬಾಲವೂ ಮೂಡಿದ್ದವು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ನನ್ನನ್ನು ದೇವರ ಖೋಲಿಗೆ ಕರೆದು, ಗದ್ದ ಹಿಡಿದು ಹೇಳಿದಳು:

“ನಿಮ್ಮಪ್ಪನ ಎದಿ ಹಪ್ಪಳ ಆಗೇತಿ. ಒಂದು ಸಪ್ಪಳ ಬಿತ್ತಂದ್ರ ಪುಡಿಪುಡಿ. ತಿಳೀತಿಲ್ಲೋ?”

ತಿಳಿಯಿತು. ಹನ್ನೆರಡು ವರ್ಷದವಳಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ತಿಳಿಸಲಿಕ್ಕಾಗುತ್ತದೆ? ಅವತ್ತಿನಿಂದ ನಮ್ಮ ಮನೆಗೆ ದನಿಯೇ ಇಲ್ಲದಂತಾಯಿತು. ಬಾಗಿಲ ಚಿಲಕಕ್ಕೆ ಹಳೆ ಧೋತರದ ಚೂರು ಸುತ್ತಿದರು. ಒರಳಿಗೆ, ಒನಕೆಗೆ ರಜೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಬಾರದೆಂದು ಅವ್ವ ಒಲೆಯನ್ನು ಹಿತ್ತಲಿಗೆ ಒಯ್ದು, ಅಲ್ಲಿ ಬಿಸಿಲಲ್ಲಿ ಕೂತು ರೊಟ್ಟಿ ಬಡಿದು ತರುತ್ತಿದ್ದಳು. ಅವಳ ಕೈತುಂಬ ಗಾಜಿನ ಬಳೆ. ಗಂಡ ಹಾಸಿಗೆ ಹಿಡಿದಿರುವಾಗ ಬಳೆ ತೆಗೆದಿಡುವ ಮಾತು ಬಾಯಲ್ಲಿ ಬರಬಹುದೇ? ಹಾಗಾಗಿ ಎರಡೂ ಮುಂಗೈಗೆ, ಬಳೆಗಳ ಮೇಲೆ, ಬಿಳಿ ಅರಿವೆ ಸುತ್ತಿ ಗಂಟು ಹಾಕಿಕೊಂಡಳು. ನೋಡಿದವರು ಕೈ ಸುಟ್ಟಿತೇನು ಎಂದು ಕೇಳುತ್ತಿದ್ದರು. ಊಟ ಅಪ್ಪನಿಗೆ ಸಪ್ಪೆ, ಅವನೊಬ್ಬನೇ ಯಾಕೆ ತಿನ್ನಬೇಕೆಂದು ನಮಗೂ ಸಪ್ಪೆ. ಊರಿಗೆಲ್ಲ ಖಾರ ಹಂಚುವ ಮನೆಯಲ್ಲಿ ನಾವು ಉಪ್ಪಿಲ್ಲದ ಬೇಳೆಕಟ್ಟಿಗೆ ರೊಟ್ಟಿ ಅದ್ದಿಕೊಂಡು, ಅಗಿಯುವ ಸಪ್ಪಳವೂ ಆಗದಂತೆ ನುಂಗುತ್ತಿದ್ದೆವು. ಜಗಳ ಮಾತ್ರ ನಿಲ್ಲಲಿಲ್ಲ, ಅದು ಪಿಸುಮಾತಿಗೆ ಇಳಿಯಿತು. ಕೂಗಿ ಬೈದರೆ ಸಿಟ್ಟು ಹೊರಗಾದರೂ ಹೋಗುತ್ತದೆ. ಪಿಸುಗುಟ್ಟಿ ಬೈದದ್ದು ಮನೆಯಲ್ಲೇ ಉಳಿದು ಮೂಲೆ ಮೂಲೆಗೆ ಸೇರಿಕೊಳ್ಳುತ್ತದೆ. ಅಡಿಗೆಮನೆಯಲ್ಲಿ ಆಯಿ ಮತ್ತು ಕಾಕಾನ ನಡುವೆ ದಿನಾ ಇದೇ:

“ಚೀಲ ಎತ್ತಾಕ ಯಾಕ ಬಿಟ್ಟಿ ಅಂವಗ? ನೀ ಅಲ್ಲೇ ಇದ್ದಿಲ್ಲೇನ?”

“ಅಂವ ಚೀಲ ಎತ್ತಿಲ್ಲಬೇ. ಸುಮ್ಮನ ನಿಂತಿದ್ದ.”

“ಮೆಲ್ಲಕ ಮಾತಾಡು!”

“ನಾ ಮೆಲ್ಲಕನ ಮಾತಾಡಾಕತ್ತೇನಿ. ಜೋರ್ ಮಾಡಾಕತ್ತಾಕಿ ನೀನು!”

ಒಂದು ದಿನ ನನ್ನ ಕೈಯಿಂದ ಹಿತ್ತಾಳೆ ತಂಬಿಗೆ ಜಾರಿತು. ಪಡಸಾಲೆಯ ಕಲ್ಲು ನೆಲದ ಮೇಲೆ ಬಿದ್ದು, ಉರುಳಿ, ಗೋಡೆಗೆ ಬಡಿದು ನಿಂತಿತು. ಅಪ್ಪ ಬೆಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡ. ಕಣ್ಣು ಮುಚ್ಚಿದ. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಆಯಿ ಎಲ್ಲಿದ್ದಳೋ, ಓಡಿ ಬಂದು ನನ್ನ ರಟ್ಟೆ ಹಿಡಿದಳು. “ಕೊಲ್ತೀ ಏನ ನಿಮ್ಮಪ್ಪನ್ನ?” ಎಂದಳು, ಅದನ್ನೂ ಪಿಸುಮಾತಿನಲ್ಲೇ. ಅಪ್ಪ ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, ಏನಾಗಿಲ್ಲ ಬಿಡು ಎಂಬಂತೆ ನಕ್ಕ. ಆದರೆ ಅವನ ಕೈ ಎದೆ ಬಿಟ್ಟು ಏಳಲಿಲ್ಲ, ಅದನ್ನು ನಾನು ನೋಡಿದೆ. ಆಮೇಲೆ ನನಗೆ ಹಿಡಿದ ಹೆದರಿಕೆಯನ್ನು ಏನೆಂದು ಹೇಳಲಿ? ಹೆದರಿಕೆ ಅಂದರೆ ಹೆದರಿಕೆ. ಅನ್ನ ಸೇರುತ್ತಿರಲಿಲ್ಲ, ಶಾಲೆಯಲ್ಲಿ ಯಾರಾದರೂ ಬಾಗಿಲಿಗೆ ಬಂದರೆ ನನ್ನನ್ನು ಕರೆಯಲಿಕ್ಕೇ ಬಂದಿದ್ದಾರೆ ಎಂದು ಎದ್ದು ನಿಂತುಬಿಡುತ್ತಿದ್ದೆ. ಮನೆಗೆ ಬಂದರೆ ಮೊದಲು ಒಳಗೆ ಹೋಗುತ್ತಿರಲಿಲ್ಲ. ಬಾಗಿಲ ಮರೆಗೆ ನಿಂತು, ಅಪ್ಪನ ಉಸಿರು ಕೇಳಿಸಿದ ಮೇಲೆ ಚಪ್ಪಲಿ ಬಿಡುತ್ತಿದ್ದೆ. ಕೇಳಿ ಕೇಳಿ ನನ್ನ ಕಿವಿ ಎಷ್ಟು ಚುರುಕಾಯಿತೆಂದರೆ, ಅವ್ವನ ಹೆಜ್ಜೆ, ಆಯಿಯ ಹೆಜ್ಜೆ, ಮಾಡಿನ ಮೇಲೆ ನಡೆಯುವ ಪಾರಿವಾಳದ ಹೆಜ್ಜೆ, ಅಪ್ಪ ನಿದ್ದೆಯಲ್ಲಿ ಬಿಡುವ ಉಸಿರು, ಎಚ್ಚರದಲ್ಲಿದ್ದೂ ನಿದ್ದೆ ಬಂದವನಂತೆ ಬಿಡುವ ಉಸಿರು, ಎಲ್ಲವನ್ನೂ ಗೋಡೆಯಾಚೆಯಿಂದಲೇ ಬೇರೆ ಬೇರೆ ಮಾಡಿ ಹೇಳುತ್ತಿದ್ದೆ. ಇವತ್ತಿಗೂ ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಕೇಳಿಸಿಕೊಂಡೇ ಒಳಗೆ ಕಾಲಿಡುತ್ತೇನೆ. ನನ್ನ ಗಂಡ ಇದನ್ನು ಬಿಂಕ ಎಂದುಕೊಂಡಿದ್ದಾನೆ.

ಇಂಥ ಮನೆಯಲ್ಲಿ ಅಪ್ಪನಿಗೆ ಒಂದು ಆಸೆ ಹುಟ್ಟಿತು. ಹಾವೇರಿಯ ದವಾಖಾನೆಯ ಹಿಂದೆಯೇ ಡಾಕ್ಟರ ಮನೆ. ಅಪ್ಪ ಅಲ್ಲಿದ್ದಾಗ ದಿನಾ ಮುಂಜಾನೆ ಅವರ ಕಿಟಕಿಯಿಂದ ಅದೇನೋ ವಾದ್ಯಗಳು ಕೇಳುತ್ತಿದ್ದವಂತೆ. ಕೇಳಿದಾಗ ಅದಕ್ಕೆ ಸಿಂಫನಿ ಎನ್ನುತ್ತಾರೆಂದು ನರ್ಸಮ್ಮ ಹೇಳಿದ್ದಳು. ನಮ್ಮ ಮನೆಯಲ್ಲಿ ಸಂಗೀತ ಎಂದರೆ ಸೋಮವಾರದ ಭಜನೆ ಮತ್ತು ಲಗ್ನದ ಬ್ಯಾಂಡು. ಆದರೆ ಅಪ್ಪ ನನ್ನನ್ನು ಮಂಚದ ಅಂಚಿಗೆ ಕೂರಿಸಿಕೊಂಡು, ಮೆಲುದನಿಯಲ್ಲಿ, ಕಣ್ಣು ಹೊಳೆಸುತ್ತ ಹೇಳಿದ:

“ನೂರು ಮಂದಿ ಇರ್ತಾರಂತ, ತಂಗಿ. ನಮ್ಮ ಪ್ಯಾಟ್ಯಾಗ ನೂರು ಮಂದಿ ಒಮ್ಮೆ ಬಾಯಿ ತಗದ್ರ ಕಿವಿ ಮುಚ್ಕೋಬೇಕು. ಅವರು ಅಷ್ಟೂ ಮಂದಿ ಕೂಡಿ ಬಾರಿಸಿದ್ರೂ ಒಬ್ಬರ ಕಾಲು ಒಬ್ರು ತುಳಿಯೂದಿಲ್ಲ. ಅದರಾಗ ಒಂದು ಕಡೆ ಬರತೈತಿ ನೋಡು, ಕುಂಟ ಎತ್ತು ಖುಷೀಲೆ ಹೊಂಟಂಗ. ಅದನ್ನ ಮತ್ತೊಮ್ಮೆ ಕೇಳಬೇಕು ಅನಸ್ತೈತಿ.”

ಇದು ಆಯಿಯ ಕಿವಿಗೆ ಬಿದ್ದದ್ದೇ ತಡ, ಅವಳು ಕುಸಿದು ಕೂತಳು. ಹಾಸಿಗೆ ಹಿಡಿದವನು ತಾನಾಗಿ ಏನನ್ನಾದರೂ ಬೇಡಿದರೆ ಅದು ಕೊನೆಯ ಆಸೆ ಎಂಬುದು ನಮ್ಮ ಕಡೆಯ ನಂಬಿಕೆ. ಈಡೇರಿಸದೆ ಇದ್ದರೆ ಪಾಪ ಸುತ್ತಿಕೊಳ್ಳುತ್ತದೆ. ಈಡೇರಿಸಿದರೆ ಆಸೆ ತೀರಿತೆಂದು ಹೊರಟೇಬಿಟ್ಟಾನು! ಹೋಳಿಗೆ ಬೇಡಿದ್ದರೆ ಎಣ್ಣೆಯಿಲ್ಲದ ಹೋಳಿಗೆ ಮಾಡಿ ಮುಗಿಸುತ್ತಿದ್ದರು. ಇವನು ಬೇಡಿದ್ದು ನೂರು ಮಂದಿಯ ಸಪ್ಪಳವನ್ನು. ಎರಡು ದಿನ ಪಿಸುಮಾತಿನ ಪಂಚಾಯಿತಿ ನಡೆದು, ಡಾಕ್ಟರನ್ನೇ ಕೇಳುವುದೆಂದು ತೀರ್ಮಾನವಾಯಿತು. ಮುಂದಿನ ತಪಾಸಣೆಗೆ ಹಾವೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಅಪ್ಪ ಎತ್ತಿನ ಮಾತು ಹೇಳಿದ ಕೂಡಲೇ ಡಾಕ್ಟರು ಮೇಜು ತಟ್ಟಿ ನಕ್ಕರು. ಕಾಕಾ ಆ ತಟ್ಟಿದ ಸಪ್ಪಳಕ್ಕೇ ಅಪ್ಪನ ಹೆಗಲು ಹಿಡಿದುಕೊಂಡ.

“ಅದು ಗೊತ್ತಾತ್ ಬಿಡ್ರಿ. ರಷ್ಯಾದಾಂವ ಒಬ್ಬಾಂವ ಬರದದ್ದು, ಆರನೇ ಸಿಂಫನಿ. ರಾಣೆಬೆನ್ನೂರಾಗ ಬಸ್ ಸ್ಟ್ಯಾಂಡ್ ಹತ್ರ ಕ್ಯಾಸೆಟ್ ಅಂಗಡಿ ಐತಿ, ನನಗೂ ಆಂವನ ಮುಂಬಯಿಂದ ತರಿಸಿಕೊಡ್ತಾನ. ಆದ್ರ ನೋಡಿ ತಗೋರಿ. ಅದೊಂದನ್ನ ಬ್ಯಾರೆ ಬ್ಯಾರೆ ತಂಡದವರು ಬ್ಯಾರೆ ಬ್ಯಾರೆ ಥರ ಬಾರಿಸಿರ್ತಾರ. ಒಬ್ರು ಓಡಸ್ತಾರ, ಒಬ್ರು ನಡಸ್ತಾರ. ಹೊಸದಾಗಿ ಕೇಳಾವರಿಗೆ ನಿಧಾನದ್ದು ಛಲೋ.”

ಪಾಪ, ಅವರು ಹೇಳಿದ್ದು ಹೊಸ ಕೇಳುಗನಿಗೆ ಹಳೆಯ ಕೇಳುಗ ಹೇಳುವ ಮಾತು. ನಮಗೆ ಅದು ಔಷಧದ ಚೀಟಿಯಾಯಿತು. ಟೆಂಪೋ ಮೋಟೆಬೆನ್ನೂರು ದಾಟುವಷ್ಟರಲ್ಲಿ ಕಾಕಾ ಅದನ್ನು ಬಿಡಿಸಿ ಅರ್ಥ ಹೇಳಿದ: “ಓಡಸಿದ್ದು ತಂದ್ರ ಅಣ್ಣನ ಎದಿ ಓಡತೈತಿ. ನಡಸಿದ್ದು ತಂದ್ರ ನಡೀತೈತಿ. ತಪ್ಪಿದ್ವೆಂದ್ರ ಮುಗೀತು.” ಆಮೇಲೆ ತರುವವರು ಯಾರು ಎಂಬ ಮಾತು ಬಂತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ:

“ನೀಲಾನ್ನ ಕರಕೊಂಡು ಹೋಗು. ಇಂಗ್ಲಿಷ್ ಅಕ್ಷರ ಆಕೀಗೇ ಬರ್ತಾವ. ಕಿವೀನೂ ಭಾಳ ಚೂಪ ಅದಾವ ಆಕಿವು. ಆಕಿ ಆರಿಸಿದ್ದು ನನಗ ಸಾಕು.”

ಅಪ್ಪ ಅದನ್ನು ಹೆಮ್ಮೆಯಿಂದ ಹೇಳಿದ. ನನಗೆ ಮಾತ್ರ ಕೊರಳಿಗೆ ಹಗ್ಗ ಬಿದ್ದಂತಾಯಿತು. ಅಪ್ಪನ ಜೀವವನ್ನು ಮೂರನೆಯವರ ಅಂಗಡಿಯಲ್ಲಿ ನಿಂತು ನಾನು ಆರಿಸಬೇಕು! ತಪ್ಪು ಆರಿಸಿದರೆ? ಬೇಡ ಎನ್ನಲು ಬಾಯಿ ತೆರೆದೆ, ಅಪ್ಪನ ಮುಖದಲ್ಲಿ ಅಷ್ಟು ದಿನದ ಮೇಲೆ ಮೂಡಿದ್ದ ನಗು ನೋಡಿ ಮುಚ್ಚಿಕೊಂಡೆ.

ರಾಣೆಬೆನ್ನೂರಿನ ಆ ಅಂಗಡಿ ನಿಂತು ತಿರುಗಿದರೆ ಮುಗಿಯುವಷ್ಟು ಸಣ್ಣದು. ನೆಲದಿಂದ ಮಾಡಿನ ತನಕ ಕ್ಯಾಸೆಟ್ಟು. ಅಂಗಡಿಯವನು ಗಿಡ್ಡ ಮನುಷ್ಯ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಬಸ್ಸಿನ ಗದ್ದಲಕ್ಕಿಂತ ಜೋರಾಗಿ ಮಾತಾಡುತ್ತಿದ್ದ. ನನಗೆ ಆ ದನಿಯೇ ಹಿಂಸೆ, ನಮ್ಮ ಮನೆಯಲ್ಲಿ ಯಾರಾದರೂ ಅಷ್ಟು ಜೋರಾಗಿ ಮಾತಾಡಿ ತಿಂಗಳುಗಳಾಗಿದ್ದವು. ಕಾಕಾ ರಷ್ಯಾದವನ ಆರನೆಯದು ಎಂದ ಕೂಡಲೇ ಅವನು ಮೇಲಿನಿಂದ ಮೂರು ಕ್ಯಾಸೆಟ್ ಇಳಿಸಿ, ಧೂಳು ಹೊಡೆದು ಮುಂದಿಟ್ಟ.

“ಒಂದು ಬೇಡಿದ್ರ ನಾಕು ಕಳಸ್ತಾರ್ರಿ ಮುಂಬಯಿಯವರು. ಡಾಕ್ಟರು ಒಂದು ಒಯ್ದರು, ಉಳದವು ಕುಂತಾವ. ಮೂರೂ ಅದ ಆರನೇದು. ಯಾವದರ ಒಯ್ರಿ, ಎಲ್ಲಾ ಒಂದ.”

“ಎಲ್ಲಾ ಒಂದ ಇದ್ರ ಮೂರು ಯಾಕ ಮಾಡ್ಯಾರ?” ಎಂದು ಕಾಕಾ ತೋಳು ಮಡಿಚಿದ. “ಹಚ್ಚು. ಬಾಯಿ, ನಡು, ತಳ ನೋಡೂಣು.”

ನಮ್ಮ ಪೇಟೆಯಲ್ಲಿ ಮೆಣಸಿನಕಾಯಿ ನೋಡುವ ರೀತಿ ಅದು. ಚೀಲದ ಬಾಯಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತೋಳು ಪೂರ್ತಿ ಇಳಿಸಿ ತಳದಿಂದ ಒಂದು ಹಿಡಿ. ಮೇಲೆ ಒಳ್ಳೆಯದನ್ನು ಹಾಕಿ ತಳದಲ್ಲಿ ನೀರು ಚಿಮುಕಿಸಿದ ಮಾಲು ತುಂಬುವವರು ಎಲ್ಲ ಕಾಲದಲ್ಲೂ ಇದ್ದಾರೆ. ಮೂರು ಕಡೆ ಒಂದೇ ಇದ್ದರೆ ಚೀಲವಿಡೀ ಒಂದೇ. ಈ ವಿದ್ಯೆಯಲ್ಲಿ ಅಪ್ಪ, ಕಾಕಾ ಯಾವತ್ತೂ ಮೋಸ ಹೋದವರಲ್ಲ. ಹಾಗಾಗಿ “ಇದು ಮೆಣಸಿನಕಾಯಿ ಅಲ್ಲರಿ ಸಾವ್ಕಾರ್ರ” ಎಂದು ಅಂಗಡಿಯವನು ಗೊಣಗಿದಾಗ ಕಾಕಾ “ಮಾಲು ಅಂದ್ರ ಎಲ್ಲಾ ಮಾಲ” ಎಂದುಬಿಟ್ಟ. ನನಗೂ ಅದು ಸರಿಯಾಗಿಯೇ ಕಂಡಿತು. ಕ್ಯಾಸೆಟ್ಟಿನ ಮೊದಲ ಮಗ್ಗುಲಿನ ಶುರು ಅಂದರೆ ಬಾಯಿ. ಅದೇ ಮಗ್ಗುಲಿನ ಕೊನೆ ಅಂದರೆ ನಡು. ಹೊರಳಿಸಿ ಹಾಕಿ ಕೊನೆಗೆ ಓಡಿಸಿದರೆ ತಳ.

ಮೊದಲನೆಯದರ ಬಾಯಿ ಸಣ್ಣಗಿತ್ತು. ನಡುವಿಗೆ ಹೋದರೆ ಅಪ್ಪ ಹೇಳಿದ ಕುಂಟ ಎತ್ತು ಬಂತು, ಆದರೆ ಅದನ್ನು ಯಾರೋ ಬಾರಕೋಲು ಹಿಡಿದು ಓಡಿಸುತ್ತಿದ್ದರು. ನನ್ನ ಎದೆಯೇ ಡವಡವ ಅನ್ನಲು ಶುರುವಾಯಿತು. “ಬ್ಯಾಡ, ಇದು ಓಡತೈತಿ” ಎಂದೆ. ಎರಡನೆಯದರಲ್ಲಿ ಮೊದಲ ಸ್ವರದ ಬೆನ್ನಿಗೇ ಯಾರೋ ಕೆಮ್ಮಿದರು. ಇನ್ನೊಬ್ಬರು ಕೆಮ್ಮಿದರು. ಮಂದಿ ತುಂಬಿದ ಸಭೆಯಲ್ಲಿ ಬಾರಿಸುತ್ತಿರುವಾಗಲೇ ಮುದ್ರಿಸಿಕೊಂಡದ್ದಂತೆ ಅದು. “ಏನಲೇ, ರಷ್ಯಾಕ್ಕೂ ನಮ್ಮ ಮಾಲು ಹೋಗೈತೇನ!” ಎಂದ ಕಾಕಾ. ನನಗೆ ನಗು ತಡೆಯಲಿಲ್ಲ. ನಕ್ಕ ಮರುಗಳಿಗೆಯೇ, ಅಪ್ಪ ಅಲ್ಲಿ ಹಾಗೆ ಮಲಗಿರುವಾಗ ನಕ್ಕೆನಲ್ಲ, ಇದರಿಂದ ಏನಾದರೂ ಆಗುತ್ತದೋ ಏನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದೆ. ಕೆಮ್ಮು ಕೇಳಿ ಅಪ್ಪನಿಗೂ ಕೆಮ್ಮು ಬಂದರೆ ಗತಿ ಏನು? ಅದೂ ಬೇಡವಾಯಿತು. ಉಳಿದದ್ದು ಮೂರನೆಯದು. ಅದರ ಬಾಯಿ ನೆಲದ ಕೆಳಗಿನಿಂದ ಬಂದಷ್ಟು ಮೆಲ್ಲಗೆ. ನಡುವಿನಲ್ಲಿ ಎತ್ತು ತನ್ನಿಷ್ಟದಂತೆ ಹೆಜ್ಜೆ ಹಾಕುತ್ತಿತ್ತು. ಕೆಮ್ಮಿಲ್ಲ, ಧಾವಂತವಿಲ್ಲ. ಕಾಕಾ ನನ್ನ ಮುಖ ನೋಡಿ ತಲೆ ಆಡಿಸಿದ. ಅಂಗಡಿಯವನು ಹೊರಳಿಸಿ ಹಾಕಿ, ತಳಕ್ಕೆ ಓಡಿಸಿ, ಗುಂಡಿ ಒತ್ತಿದ.

ದಪ್ಪ ತಂತಿಯ ವಾದ್ಯಗಳು ಮಾತ್ರ ಉಳಿದಿದ್ದವು. ಡುಬ್, ಡುಬ್ ಎಂದು ಒಂದೇ ಸವನೆ ಬಡಿದುಕೊಳ್ಳುತ್ತಿದ್ದವು. ಬರಬರುತ್ತ ನಿಧಾನವಾದವು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಬೆಳೆಯಿತು. ಮತ್ತೆ ಒಂದು. ಮತ್ತೆ, ಇನ್ನೂ ಸಣ್ಣಗೆ, ಒಂದು. ಆಮೇಲೆ ಬರಲಿಲ್ಲ.

ಅಂಗಡಿಯ ಕಟ್ಟೆ ಹಿಡಿದುಕೊಂಡೆ. ಬಾಗಿಲ ಮರೆಗೆ ನಿಂತು ನಾನು ದಿನಾ ಯಾವುದು ಕೇಳಿಸದಿರಲಿ ಎಂದು ಬೇಡುತ್ತಿದ್ದೆನೋ ಅದೇ ಇದು, ಬಡಿಯುತ್ತ ಬಡಿಯುತ್ತ ನಿಂತುಹೋಗುವ ಎದೆ.

“ಭಾಳ ತಣ್ಣಗ ಐತಿ. ಇದ ಛಲೋ” ಎಂದ ಕಾಕಾ.

“ಕಾಕಾ, ಕಡೀಗೆ ಅದು...”

“ಏನಾತವ್ವಿ?”

 ಬಾಯಿಂದ ಆ ಮಾತು ಹೊರಬಿದ್ದರೆ ಖರೇ ಆಗಿಬಿಡುತ್ತದೆ ಎಂಬ ಹೆದರಿಕೆ. ಅಂಗಡಿಯವನ ಕಡೆ ತಿರುಗಿ, ಉಳಿದೆರಡರ ತಳ ಹೇಗಿರುತ್ತದೆ ಎಂದು ಕೇಳಿದೆ. ಅವನು ಮೊದಲ ಸಲ ಮೆತ್ತಗೆ ಮಾತಾಡಿದ: “ಅದ ಇರತೈತಿ ತಂಗಿ. ಯಾರ ಬಾರಿಸಿದ್ರೂ ಬರದಾಂವ ಒಬ್ಬನ ಅಲ್ಲ?” ತಂಡ ಆರಿಸಬಹುದು, ಕೊನೆಯನ್ನು ಆರಿಸುವಂತಿಲ್ಲ. ಸಿಂಫನಿಯ ಬಗ್ಗೆ ನಾನು ಕಲಿತ ಮೊದಲ ಪಾಠ ಅದು, ಬಸ್ಸಿನಲ್ಲಿ ಅಳು ನುಂಗುತ್ತ ಕಲಿತದ್ದು. ಬ್ಯಾಡಗಿ ಬರುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಅಪ್ಪ ಬಿದ್ದಾಗಿನಿಂದ ಮನೆಯ ಮೂಲೆ ಸೇರಿದ್ದ ಟೇಪ್ ರಿಕಾರ್ಡರಿನ ಪಕ್ಕ ನಾನೇ ಕೂರುವುದು, ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿರುವುದು. ತಳ ಬರುವ ಮೊದಲೇ ಒತ್ತಿಬಿಡುವುದು. ಅಪ್ಪ ಆ ಡುಬ್ ಡುಬ್ ಕೇಳದಿದ್ದರೆ ಸಾಕು, ಉಳಿಯುತ್ತಾನೆ.

ಅವತ್ತು ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕೂಡಿದೆವು. ಆಯಿ ಅಪ್ಪನ ಹಣೆಗೆ ವಿಭೂತಿ ಹಚ್ಚಿದಳು, ಟೇಪ್ ರಿಕಾರ್ಡರಿಗೂ ಹಚ್ಚಿದಳು. ಅವ್ವ ಮಂಚದ ಕಾಲಿಗೆ ಒರಗಿ, ಅರಿವೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಕಾಕಾ ಹಚ್ಚಿದ. ಆ ಸಿಂಫನಿಯನ್ನು ಬಲ್ಲವರಿಗೆ ಮುಂದೇನಾಯಿತೆಂದು ಈಗಾಗಲೇ ಗೊತ್ತಾಗಿರಬೇಕು. ಬಲ್ಲವರು ಯಾರೂ ನಮ್ಮ ಮನೆಯಲ್ಲಿರಲಿಲ್ಲ. ಶುರು ಎಷ್ಟು ಸಣ್ಣಗಿತ್ತೆಂದರೆ ಆಯಿ, “ಏನೂ ಕೇಳವಲ್ದಲ್ಲೋ. ಹಚ್ಚೀಯೋ ಇಲ್ಲೋ?” ಎಂದಳು. ಕಾಕಾ ಸಪ್ಪಳದ ಬಿರಡೆಯನ್ನು ಚೂರು ತಿರುಗಿಸಿದ. ವಾದ್ಯಗಳು ಒಂದೊಂದಾಗಿ ಬಂದು ಸೇರಿಕೊಂಡವು, ಏರಿದವು, ಇಳಿದವು. ಆಮೇಲೆ ಒಂದು ರಾಗ ಬಂತು. ಅದಕ್ಕೆ ಅಪ್ಪ ಕಣ್ಣು ಮುಚ್ಚಿದ. ಅವನ ಹುಬ್ಬು ಸಡಿಲಾದದ್ದು ನೋಡಿ ಅವ್ವನ ಮುಖವೂ ಸಡಿಲಾಯಿತು. ನಾನು ಆರಿಸಿದ್ದು ಸರಿಯಾಯಿತು ಎಂದು ಮೊದಲ ಸಲ ಅನಿಸಿತು. ರಾಗ ಮೆಲ್ಲಗಾಯಿತು. ಇನ್ನೂ ಮೆಲ್ಲಗಾಯಿತು. ಕಾಕಾ ಬಿರಡೆಯನ್ನು ಮತ್ತೆ ತಿರುಗಿಸಿದ. ಒಂದೇ ಒಂದು ಕೊಳಲಿನಂಥದ್ದು ಉಳಿಯಿತು, ಅದೂ ಕೆಳಕೆಳಗೆ ಇಳಿದು ಹೋಯಿತು. ಕಾಕಾ ಕಿವಿಯನ್ನು ಟೇಪ್ ರಿಕಾರ್ಡರಿಗೇ ಹಚ್ಚಿ, “ಕ್ಯಾಸೆಟ್ ಹರೀತೇನ ಇದು?” ಎನ್ನುತ್ತ ಬಿರಡೆಯನ್ನು ಪೂರ್ತಿ, ಇನ್ನು ತಿರುಗುವುದಿಲ್ಲ ಎನ್ನುವ ತನಕ ತಿರುಗಿಸಿದ. ನಾನು ತಳಕ್ಕಾಗಿ ಕಾಯುತ್ತಿದ್ದೆ. ತಳ ಇನ್ನೂ ದೂರವಿತ್ತು. ಬಾಯಿಗೂ ನಡುವಿಗೂ ಮಧ್ಯೆ, ನಾವು ಕೈ ಹಾಕಿ ನೋಡದ ಜಾಗದಿಂದ, ಅದು ಬಂತು.

ನಮ್ಮ ಓಣಿಯಲ್ಲಿ ಲಾರಿಯೊಂದು ಮಗುಚಿ ಪಡಸಾಲೆಯೊಳಗೆ ಬಿದ್ದಂತೆ. ನೂರು ಮಂದಿಯೂ ಒಮ್ಮೆಲೇ ಹೊಡೆದರು. ಕಾಕಾ ಕಿವಿ ಹಿಡಿದುಕೊಂಡು ಹಿಂದಕ್ಕೆ ಬಿದ್ದ. ಅವ್ವ ಕಿಟಾರನೆ ಕಿರುಚಿದಳು. “ಶಿವನೇ!” ಎಂದು ಆಯಿ ಎದ್ದವಳು ವಿಭೂತಿ ಗಟ್ಟಿಯನ್ನು ಕೈಬಿಟ್ಟಳು. ಅಪ್ಪ ಮಂಚದ ಮೇಲೆ ಯಾರೋ ಹಗ್ಗ ಕಟ್ಟಿ ಎಳೆದಂತೆ ಎದ್ದು ಕೂತ, ಎರಡೂ ಕೈ ಎದೆಗೆ ಒತ್ತಿಕೊಂಡ, ಬಾಯಿ ತೆರೆದುಕೊಂಡಿತ್ತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಎದ್ದು ಓಡಿದೆ.

ಹಿತ್ತಲ ಬಾಗಿಲ ಬಳಿ ಮನೆಗೆಂದು ಇಟ್ಟ ಮೆಣಸಿನಕಾಯಿ ಚೀಲಗಳ ಖೋಲಿ. ಒಳಗೆ ಹೋಗಿ, ಚೀಲಗಳ ಹಿಂದೆ ಗೋಡೆಗೆ ಬೆನ್ನು ಹಚ್ಚಿ ಕೂತೆ. ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಘಾಟಿನದೋ ಅಳುವೋ ನನಗೇ ಗೊತ್ತಿರಲಿಲ್ಲ. ಈಗ ಅವ್ವನ ಅಳು ಏಳುತ್ತದೆ ಎಂದು ಕಾದೆ. ಪಕ್ಕದ ಮನೆಯಲ್ಲಿ ಸಾವಾದಾಗ ಕೇಳಿದ್ದೆ: ಮೊದಲು ಒಂದೇ ದನಿ ಏಳುತ್ತದೆ, ಆಮೇಲೆ ಉಳಿದವು ಕೂಡಿಕೊಳ್ಳುತ್ತವೆ. ಆ ಮೊದಲ ದನಿಗಾಗಿ ಕಿವಿಗೊಟ್ಟು ಕೂತೆ. ಸಿಂಫನಿ ಇನ್ನೂ ಅಬ್ಬರಿಸುತ್ತಿತ್ತು. ಅದನ್ನು ನಿಲ್ಲಿಸಲೂ ಯಾರಿಗೂ ಪುರಸೊತ್ತಿಲ್ಲ ಎಂದರೆ ಮುಗಿದೇ ಹೋಯಿತು ಎಂದುಕೊಂಡೆ. ಟಕ್ಕನೆ ನಿಂತಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಇನ್ನೂ ಕೆಟ್ಟದ್ದಾಗಿತ್ತು. ಮೂರು ಇದ್ದವು, ನಾನು ಇದನ್ನೇ ಆರಿಸಿದೆ. ಓಡುವುದನ್ನು ಆರಿಸಿದ್ದರೂ ನಡೆಯುತ್ತಿತ್ತು, ಕೆಮ್ಮುವುದನ್ನು ಆರಿಸಿದ್ದರೂ ನಡೆಯುತ್ತಿತ್ತು. ಅಪ್ಪನನ್ನು ನಾನೇ ಕೊಂದೆ. ದೇವರೇ, ಕೊಂದೆ! ಲಂಗವನ್ನು ಬಾಯಿಗೆ ತುರುಕಿಕೊಂಡು ಹೀಗೇ ಎಷ್ಟು ಹೊತ್ತು ಕೂತಿದ್ದೆನೋ. ಹೊರಗೆ ಹೆಜ್ಜೆ ಕೇಳಿತು. ಆ ಮನೆಯ ಪ್ರತಿ ಹೆಜ್ಜೆಯೂ ನನಗೆ ಗೊತ್ತಿತ್ತು, ಇದು ಯಾರದೆಂದು ಗೊತ್ತಾಗಲಿಲ್ಲ. ಎಳೆದು ಇಡುವ, ನಿಂತು ನಿಂತು ಬರುವ ಹೆಜ್ಜೆ. ಹೊರಗಿನವರು ಯಾರೋ ಹೆಣ ಎತ್ತಲು ಬಂದರು ಎಂದುಕೊಂಡೆ.

ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು ಅಪ್ಪ ನಿಂತಿದ್ದ. ಪೇಟೆಯಲ್ಲಿ ಬಿದ್ದಾಗಿನಿಂದ ಯಾರ ಹೆಗಲೂ ಹಿಡಿಯದೆ ಅಷ್ಟು ದೂರ ಅವನು ನಡೆದೇ ಇರಲಿಲ್ಲ, ಆ ಹೆಜ್ಜೆ ನನಗೆ ಹೇಗೆ ಗೊತ್ತಾಗಬೇಕು? ಹಿಂದೆ ಅವ್ವ, ಬಿದ್ದರೆ ಹಿಡಿಯಲೆಂದು ಕೈ ಚಾಚಿಕೊಂಡು. ಅಪ್ಪ ಒಳಗೆ ಬಂದು, ನನ್ನ ಎದುರಿನ ಚೀಲದ ಮೇಲೆ ಮೆಲ್ಲಗೆ ಕೂತು, ಉಸಿರು ತಿರುಗಿಸಿಕೊಂಡ.

“ಯಾಕ ಓಡಿ ಬಂದಿ?”

ನಾನು ಲಂಗದ ಅಂಚಿನಲ್ಲಿ ಮುಖ ಮುಚ್ಚಿಕೊಂಡೆ.

“ಹೇಳವ್ವಿ. ಯಾಕ?”

“ನೀ ಸತ್ತಿ ಅನ್ಕೊಂಡೆ. ನಾ ಆರಿಸಿದ್ದಲ್ಲ ಅದು? ನಾ ಕೊಂದೆ ಅನ್ಕೊಂಡೆ.”

ಅಪ್ಪ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡ. ತಲೆಯನ್ನು ಹಿಡಿದು, ಅಂಗಿಯ ಗುಂಡಿ ಬಿಚ್ಚಿ, ನನ್ನ ಕಿವಿಯನ್ನು ತನ್ನ ಎದೆಗೆ ಹಚ್ಚಿದ. ಯಾರೂ ಮುಟ್ಟಲು ಹೆದರುತ್ತಿದ್ದ ಆ ಎದೆ ಬೆಚ್ಚಗಿತ್ತು, ಬೆವೆತಿತ್ತು.

“ಕೇಳಾಕತ್ತೈತೇನ?”

“ಹ್ಞೂಂ. ಭಾಳ ಜೋರ್ ಹೊಡ್ಕೊಳ್ಳಾಕತ್ತೈತಿ ಅಪ್ಪಾ.”

“ಹೆದರೇತಿ ಅದು. ಇವತ್ತಲ್ಲ, ಪ್ಯಾಟ್ಯಾಗ ಬಿದ್ದೆನಲ್ಲ, ಅವತ್ತಿಂದ ದಿನಾ ಹೆದರೇತಿ. ಯಾರ ಮುಂದೂ ಹೇಳಿಲ್ಲ ನಾ. ಹೆದರಿದ್ರೂ ನಿಂತಿಲ್ಲ ನೋಡು.”

ನಾನು ಕಿವಿ ತೆಗೆಯಲಿಲ್ಲ. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂಬುದು ಅಲ್ಲಿಯ ತನಕ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಿಲಕಕ್ಕೆ ಅರಿವೆ ಸುತ್ತಿ, ಉಪ್ಪು ಬಿಟ್ಟು, ಉಸಿರು ಹಿಡಿದು ನಾವೆಲ್ಲ ಅವನಿಗಾಗಿ ಹೆದರಿದ್ದೆವು. ಅವನ ಜೊತೆ ಕೂತು ಒಬ್ಬರೂ ಹೆದರಿರಲಿಲ್ಲ. ಅಪ್ಪನ ಕಣ್ಣಿಂದ ಒಂದು ಹನಿ ನನ್ನ ಬೈತಲೆಗೆ ಬಿತ್ತು. ಬಾಗಿಲಲ್ಲೇ ನಿಂತಿದ್ದ ಅವ್ವ ಒಳಗೆ ಬಂದಳು. ಮದುವೆಯಾಗಿ ಅಷ್ಟು ವರ್ಷವಾದರೂ ನನ್ನೆದುರು ಅಪ್ಪನ ಪಕ್ಕ ಕೂತವಳಲ್ಲ ಅವಳು. ಅವತ್ತು ಅದೇ ಚೀಲದ ಮೇಲೆ, ಅಪ್ಪನ ಇನ್ನೊಂದು ಮಗ್ಗುಲಿಗೆ ಒತ್ತಿ ಕೂತಳು.

“ನನಗೂ ಭಾಳ ಹೆದರಿಕಿ ಆಗೇತ್ರಿ” ಎಂದಳು.